ಕೊನೆಯಿಂದ ಹೇಳುವ ಸುದ್ದಿ

ಕಥೆಯ ಕೊನೆಯನ್ನು ಬಚ್ಚಿಟ್ಟು ಓದುಗರನ್ನು ಸತಾಯಿಸುವುದರಲ್ಲಿ ನನಗೆ ಬಹಳ ಜಂಬವಿತ್ತು. ಆ ಜಂಬ ಇಳಿದದ್ದು ಕಾಪುವಿನಲ್ಲಿ, ನನ್ನ ದೊಡ್ಡಮ್ಮನ ಅಂಗಳದಲ್ಲಿ.

ದೊಡ್ಡಮ್ಮನ ಒಬ್ಬನೇ ಮಗ, ನನಗೆ ಅಣ್ಣ, ಮೀನುಗಾರಿಕೆಯ ಬೋಟಿನಲ್ಲಿ ದುಡಿಯುವವನು. ಅಂದು ಬಲೆ ಎಳೆಯುವಾಗ ಹಗ್ಗ ತುಂಡಾಗಿ ತಲೆಗೆ ಬಡಿದು ನೀರಿಗೆ ಬಿದ್ದಿದ್ದ. ಜೊತೆಯವರು ಮೇಲೆತ್ತಿ ಮಣಿಪಾಲದ ಆಸ್ಪತ್ರೆಗೆ ತಂದರು. ಪರ್ಕಳದ ಬಾಡಿಗೆ ಕೋಣೆಯಿಂದ ನಾನು ಓಡಿದೆ. ತಲೆಗೆ ಏಳು ಹೊಲಿಗೆ. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು.

"ಅಮ್ಮನಿಗೆ ಫೋನಿನಲ್ಲಿ ಹೇಳುದು ಬೇಡ. ಅವರ ಹಾರ್ಟ್ ಸರಿ ಇಲ್ಲ, ಗೊತ್ತುಂಟಲ್ಲ. ನೀನೇ ಹೋಗಿ ಮೆಲ್ಲ ಹೇಳು," ಎಂದ ಅಣ್ಣ.

ಬಸ್ಸು ಉಡುಪಿ ದಾಟುವಷ್ಟರಲ್ಲಿ ಮಾತು ಜೋಡಿಸಿಕೊಂಡಿದ್ದೆ. ಮೊದಲು ಬೆಳಗಿನ ಸಮುದ್ರ, ಆಮೇಲೆ ಬಲೆ, ಹಗ್ಗ, ನೀರು. ಕಟ್ಟಕಡೆಗೆ, ಉಳಿದಿದ್ದಾನೆ ಎಂಬ ಮಾತು. ಹೆದರಿದ ಮೇಲೆ ಸಿಗುವ ಸಮಾಧಾನ ದೊಡ್ಡದು ಎಂದು ನನ್ನ ಎಣಿಕೆ.

ದೊಡ್ಡಮ್ಮ ಬಿಸಿಲಿಗೆ ಹರಡಿದ್ದ ಮೀನನ್ನು ತಿರುವಿ ಹಾಕುತ್ತಿದ್ದರು. "ಎಂತ, ಕೆಲಸದ ದಿನ ಬಂದದ್ದು?" ಎಂದರು.

"ಅಣ್ಣ ಬೆಳಿಗ್ಗೆ ಎಂದಿನ ಹಾಗೆ ಬೋಟಿಗೆ ಹೋದ, ದೊಡ್ಡಮ್ಮ. ಸಮುದ್ರ ಶಾಂತ ಇತ್ತಂತೆ..."

ಅವರ ಕೈ ನಿಂತಿತು. ನಾನು ಬಲೆಯವರೆಗೆ ಬಂದಾಗ ನೆಲಕ್ಕೆ ಕುಳಿತರು. ಹಗ್ಗದವರೆಗೆ ಬಂದಾಗ ಎದೆ ಒತ್ತಿಕೊಂಡರು; ತುಟಿ ಬಿಳಿಚಿತ್ತು. ಹೇಳಲು ನಾಚಿಕೆಯಾಗುತ್ತದೆ, ಆಗಲೂ ನಾನು ನೀರಿನ ಭಾಗವನ್ನು ಬಿಡಲಿಲ್ಲ.

"ಸಾಕು," ಎಂದರು. "ಹೆಣ ಎಲ್ಲಿ ಉಂಟು?"

ಬದುಕಿದ್ದಾನೆ ಎಂದು ಕಿರುಚಿದೆ. ಅವರು ನಂಬಲಿಲ್ಲ. ಫೋನು ಮಾಡಿ ಅಣ್ಣನ ಸ್ವರ ಕೇಳಿಸಿದ ಮೇಲೂ ನಡುಕ ನಿಲ್ಲಲಿಲ್ಲ. ಅವರ ನಾಲಗೆಯ ಅಡಿಗೆ ಹಾರ್ಟಿನ ಮಾತ್ರೆ ಇಟ್ಟು, ಕೈ ಹಿಡಿದುಕೊಂಡು ಕುಳಿತೆ. ಇವರನ್ನು ನಾನೇ ಕೊಂದೆನೋ ಎಂದು ಹೆದರಿದೆ.

ಉಸಿರು ಹದಕ್ಕೆ ಬಂದ ಮೇಲೆ ಬೈದರು. "ನಮ್ಮಲ್ಲಿ ಬದುಕಿದವನ ಸುದ್ದಿ ಕೊನೆಯಿಂದ ಹೇಳುದು. ಇದ್ದಾನೆ ಅಂತ ಮೊದಲು ಹೇಳಿ, ಆಮೇಲೆ ಬಾಕಿ ಎಲ್ಲ. ನಿನ್ನ ದೊಡ್ಡಪ್ಪ ಸಮುದ್ರದಲ್ಲಿ ಹೋದಾಗ ಬಂದವರು ಬೆಳಿಗ್ಗೆ ಆದದ್ದರಿಂದ ಶುರು ಮಾಡಿದ್ರು. ಸತ್ತವರ ಸುದ್ದಿ ಹಾಗೆ ಹೇಳುದು. ಕೇಳುವವರಿಗೆ ಕೂತುಕೊಳ್ಳಲಿಕ್ಕೆ ಹೊತ್ತು ಬೇಕು ಅಲ್ವಾ? ಪುಸ್ತಕ ಬರೆಯುವವಳಿಗೆ ಇಷ್ಟೂ ಗೊತ್ತಿಲ್ವಾ ಮಾರಾಯ್ತಿ?"

ಮರುವರ್ಷ ಕಾರ್ಕಳದಲ್ಲಿ ನನ್ನ ಅಮ್ಮ ಹಾಸಿಗೆ ಹಿಡಿದಾಗ ದೊಡ್ಡಮ್ಮ ಹೋಗಿ ತಂಗಿಯ ಜೊತೆಗಿದ್ದರು. ದಿನಾ ನನಗೆ ಫೋನು ಮಾಡುತ್ತಿದ್ದರು. "ಇದ್ದಾಳೆ, ಆರಾಮ ಇದ್ದಾಳೆ" ಎಂದೇ ಅವರ ಮಾತು ಶುರುವಾಗುತ್ತಿತ್ತು.

ಒಂದು ಮಧ್ಯಾಹ್ನ ಮತ್ತೆ ಫೋನು ಬಂತು.

"ನಿನ್ನ ಅಮ್ಮ ಬೆಳಿಗ್ಗೆ ಬೇಗ ಎದ್ದಳು ಮಗಾ," ಎಂದರು ದೊಡ್ಡಮ್ಮ. "ಎರಡು ಚಮಚ ಗಂಜಿ ಕುಡಿದಳು. ತಲೆ ಬಾಚಿಕೊಡು ಅಂದಳು..."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ದೊಡ್ಡಮ್ಮ ಅವಸರ ಮಾಡಲಿಲ್ಲ. ಜಡೆ ಹೆಣೆದದ್ದನ್ನೂ ಹೇಳಿದರು.