ಲಾಟ್ ನಂಬರ್ ನೋಡದೆ ಕೊಟ್ಟ ಡಬ್ಬಿ

ಹೊನ್ನಾಳಿಯ ಕಾಲೇಜೊಂದರಲ್ಲಿ ನಾನು ಶೂಟಿಂಗ್ ಕಲಿಸುವ ಮೇಷ್ಟ್ರಾಗಿದ್ದೆ. ನಮ್ಮಲ್ಲಿದ್ದದ್ದು ಒಂದೇ ಒಂದು ಪಾಯಿಂಟ್ ಟೂ-ಟೂ ರೈಫಲ್. ಅದಕ್ಕೋ ಊಟದಲ್ಲಿ ಬಲು ಹಠ. ಒಂದೇ ಕಂಪನಿಯ, ಒಂದೇ ಬೆಲೆಯ ಎರಡು ಡಬ್ಬಿ ಗುಂಡು ತಂದರೆ ಒಂದನ್ನು ಒಪ್ಪುತ್ತಿತ್ತು, ಇನ್ನೊಂದಕ್ಕೆ ಮುಖ ತಿರುಗಿಸುತ್ತಿತ್ತು. ವ್ಯತ್ಯಾಸವೆಲ್ಲ ಡಬ್ಬಿಯ ಅಂಚಿನಲ್ಲಿ ಒತ್ತಿದ ಲಾಟ್ ನಂಬರಿನಲ್ಲಿ, ಅಂದರೆ ಯಾವ ಸಲ ತಯಾರಾದದ್ದು ಎಂಬ ಗುರುತಿನಲ್ಲಿ. ಹೊಸ ಲಾಟ್ ಬಂದಾಗಲೆಲ್ಲ ರೈಫಲನ್ನು ಮರಳಿನ ಮೂಟೆಯ ಮೇಲಿಟ್ಟು, ಐವತ್ತು ಮೀಟರಿಗೆ ಐದೈದು ಗುಂಡು ಹಾರಿಸಿ, ಕಾಗದದಲ್ಲಿ ತೂತುಗಳು ಎಷ್ಟು ಒತ್ತಟ್ಟಿಗೆ ಬಿದ್ದಿವೆ ಎಂದು ಅಳೆಯುತ್ತಿದ್ದೆ. ನಂಬರ್ ನೋಡ್ರೋ, ನಂಬರ್ ನೋಡ್ರೋ ಎಂದು ಹುಡುಗರ ತಲೆ ತಿಂದವನು ನಾನೇ.

ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಉಸಿರು ಬಿಗಿಹಿಡಿದು ಅವಳು ಟ್ರಿಗರ್ ಒತ್ತಿದರೆ ಐದು ತೂತುಗಳನ್ನೂ ಒಂದು ಅಂಗಿಯ ಗುಂಡಿಯಿಂದ ಮುಚ್ಚಬಹುದಿತ್ತು. ರಾಜ್ಯ ತಂಡಕ್ಕೆ ಆಯ್ಕೆಯಾಗಬೇಕು, ಆಮೇಲೆ ಪೊಲೀಸ್ ಕೆಲಸಕ್ಕೆ ಸೇರಬೇಕು ಎಂಬುದು ಅವಳ ಆಸೆ. ನನ್ನ ಆಸೆಯೂ ಅದೇ ಆಗಿಬಿಟ್ಟಿತ್ತು.

ಆಯ್ಕೆಗೆ ವಾರವಿರುವಾಗ ರೈಫಲಿಗೆ ಒಗ್ಗಿದ ಲಾಟ್ ಮುಗಿಯಿತು. ಹೊಸ ಡಬ್ಬಿ ಕೈಗೆ ಬಂದದ್ದು ಹೊರಡುವ ಹಿಂದಿನ ದಿನ. ಪರೀಕ್ಷಿಸಲು ಮಧ್ಯಾಹ್ನವಿಡೀ ಇತ್ತು. ಸುಡುವ ಬಿಸಿಲು. ಅದೇ ಕಂಪನಿಯದು ತಾನೆ ಎಂದು ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡೆ. ನಮ್ಮಿಂದ ಹೋದವಳು ಅವಳೊಬ್ಬಳೇ. ಮರುದಿನ ಆಯ್ಕೆಯಲ್ಲಿ ಅವಳ ಗುಂಡುಗಳು ಅಕ್ಕಿ ಚೆಲ್ಲಿದಂತೆ ಕಾಗದದ ತುಂಬ ಚೆದುರಿದವು.

“ಕೈ ನಡುಗಿಬಿಡ್ತು ಸಾರ್,” ಎಂದಳು.

“ಇರ್ಲಿ ಬಿಡವ್ವ, ಒಂದೊಂದ್ಸಲ ಹಂಗಾಗ್ತೈತೆ,” ಎಂದೆ.

ಊರಿಗೆ ಬಂದು ಉಳಿದ ಗುಂಡುಗಳನ್ನು ಮರಳಿನ ಮೂಟೆಯ ಮೇಲಿಂದ ಹಾರಿಸಿ ನೋಡಿದೆ. ಅಲ್ಲಿ ನಡುಗಲು ಯಾರ ಕೈಯೂ ಇರಲಿಲ್ಲ. ಆದರೂ ಹಾಗೇ ಚೆದುರಿದವು. ಕಾಗದ ಮಡಚಿ ಜೇಬಿಗಿಟ್ಟೆ. ಅವತ್ತೇ ಅವಳಿಗೆ ಹೇಳಬೇಕಿತ್ತು. ಶಿಷ್ಯೆಯ ಮುಂದೆ ತಪ್ಪೊಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಳ್ಳುತ್ತಿರುವಾಗಲೇ ಅವಳು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಳು. ಪರೀಕ್ಷೆ ಮುಗಿಸಿ ಕಾಲೇಜನ್ನೂ ಬಿಟ್ಟುಹೋದಳು. ನನ್ನಂಥ ಹೇಡಿಗೆ ಅದರಿಂದ ಒಳಗೊಳಗೇ ನಿರಾಳವಾಯಿತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆರು ವರ್ಷ ಕಳೆದವು. ಅವಳು ಜಗಳೂರಿನ ಹಾಲಿನ ಡೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ಹೋದ ವರ್ಷವೇ ಯಾರೋ ಹೇಳಿದ್ದರು. ಬಸ್ ಹತ್ತಲು ನನಗೆ ಈ ಬೇಸಿಗೆಯವರೆಗೆ ಹಿಡಿಯಿತು.

ಡಿಗ್ರಿ, ಅಂದರೆ ಹಾಲು ಎಷ್ಟು ಗಟ್ಟಿಯಿದೆ ಎಂದು ನೋಡಲು ಸಣ್ಣ ಬಾಟಲಿಗಳಿಗೆ ಹಾಲು ಸುರಿಯುತ್ತಿದ್ದಳು. ಒಂದು ಹನಿಯೂ ಆಚೆ ಬೀಳುತ್ತಿರಲಿಲ್ಲ. ನಿಂತೇ ಎಲ್ಲ ಹೇಳಿಬಿಟ್ಟೆ.

“ಹಂಗಾದ್ರೆ ಅವತ್ತು ನನ್ನ ಕೈ ನಡುಗಿರಲಿಲ್ವೇನ್ರೀ ಸಾರ್?”

“ಇಲ್ಲವ್ವ. ತಪ್ಪು ನಂದು.”

ಬೈಯಲಿ ಎಂದು ಕಾದೆ. ಅವಳು ಕ್ಯಾನಿನ ಮುಚ್ಚಳ ಒತ್ತಿ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡಳು.

“ಪೊಲೀಸ್ ಕೆಲ್ಸಕ್ಕೆ ಅರ್ಜಿ ಹಾಕಾಕೆ ಪ್ರತಿ ಸಲ ಮನಸಾಗೋದು. ಕೈ ನಡುಗೋಳಿಗೆ ಬಂದೂಕು ಯಾರು ಕೊಡ್ತಾರೆ ಅಂತ ಸುಮ್ನಾಗ್ತಿದ್ದೆ,” ಎಂದಳು. “ಈ ವರ್ಷಕ್ಕೆ ವಯಸ್ಸು ಮೀರ್ತು. ಹೋದ ವರ್ಷ ಬಂದು ಹೇಳಿದ್ರೂ ಆಗ್ತಿತ್ತು ಸಾರ್.”