ಎಪ್ಪತ್ತಮೂರು ಸುತ್ತು

ಗ್ರಾಮೊಫೋನಿನ ವೇಗದ ತಿರುಪನ್ನು ರಾಫೆಲ್ ಸರಿಯಾದ ಜಾಗಕ್ಕೆ ತಂದಿಟ್ಟಿದ್ದನೋ ಇಲ್ಲವೋ ಎಂಬ ಸಂಶಯ ಬೆಳಗಿನಿಂದ ಡುಲ್ಸಿನಳ ತಲೆ ಕೊರೆಯುತ್ತಿತ್ತು. ಮಗುವಿಗೆ ಗಂಜಿ ಕುಡಿಸುವಾಗಲೂ ಅದೇ. ಗಂಡ ರಾಫೆಲ್ ಈಗ ಬೊಂಬಾಯಿಯಲ್ಲಿದ್ದ. ಸಂಜೆ ಆರಕ್ಕೆ ದೊಡ್ಡ ಹೋಟೆಲೊಂದರ ಜಾಜ್ ತಂಡದವರು ಅವನಿಂದ ಟ್ರಂಪೆಟ್ ಊದಿಸಿ ನೋಡುವವರಿದ್ದರು.

ಬಿಕರ್ನಕಟ್ಟೆಯ ರಾಫೆಲ್ ವಾರವೆಲ್ಲ ಹಂಚಿನ ಕಾರ್ಖಾನೆಯಲ್ಲಿ ದುಡಿದು ಆದಿತ್ಯವಾರ ಇಗರ್ಜಿಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಮದುವೆಗೂ ಅವನೇ, ಮರಣಕ್ಕೂ ಅವನೇ. ಯುದ್ಧ ಮುಗಿದ ವರ್ಷ ಬಂದರಿನಲ್ಲಿ ಹಡಗಿನವನೊಬ್ಬ ಅವನಿಗೊಂದು ಅಮೆರಿಕದ ರೆಕಾರ್ಡು ಕೊಟ್ಟ. ಊದಿದವನ ಹೆಸರು ಉಜ್ಜಿಹೋಗಿತ್ತು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಎಂಬುದಷ್ಟೇ ಓದಲು ಬರುತ್ತಿತ್ತು.

"ಇದು ಮೇಣದ ಮೇಲೆ ಒಂದೇ ಸಲಕ್ಕೆ ಕೊರೆದದ್ದು, ಮಾರಾಯ್ತಿ! ತಪ್ಪಿದರೆ ತಿದ್ದಲಿಕ್ಕಿಲ್ಲ" ಎಂದು ರಾಫೆಲ್ ಪೂಜೆಗೆ ನಿಂತ ಹಾಗೆ ಟೊಪ್ಪಿ ತೆಗೆದು ಕೇಳುತ್ತಿದ್ದ. ಓಡುವ ಸ್ವರ ಕೈಗೆ ಸಿಗದಿದ್ದರೆ ತಿರುಪು ಸಡಿಲಿಸಿ ನಿಧಾನ ಮಾಡುತ್ತಿದ್ದ; ಆಗ ಸ್ವರವೂ ಕೆಳಗಿಳಿಯುತ್ತಿತ್ತು. ಕಲಿತ ಮೇಲೆ ಅಂದಾಜಿಗೆ ಬಿಗಿಸುತ್ತಿದ್ದ. ಆ ಅಂದಾಜೇ ಡುಲ್ಸಿನಳ ಭಯ.

ಅವಳು ರೆಕಾರ್ಡಿನ ಅಂಚಿಗೆ ಕಾಗದದ ಚೂರು ಅಂಟಿಸಿ, ಗಡಿಯಾರ ನೋಡುತ್ತ ಸುತ್ತು ಎಣಿಸಿದಳು. ಎಪ್ಪತ್ತಮೂರು. ಮತ್ತೆ ಎಣಿಸಿದಳು. ಅದೇ. ಅಂದರೆ ಇಡೀ ಹಾಡನ್ನು ರಾಫೆಲ್ ಅರ್ಧ ಸ್ವರ ಕೆಳಗೆ ಕಲಿತಿದ್ದ! ಸಂಜೆ ಅವನು ಊದಬೇಕಾದದ್ದೂ ಇದೇ ಹಾಡು.

"ಎಂತ ಮಾಡ್ತಿ ನೀನು?" ಅತ್ತೆ ರೊಸಾಲಿನ್ ಕೇಳಿದಳು. "ಹೆಣದ ಮುಂದೆ ಊದುವವನಿಗೆ ಅರ್ಧ ಮೇಲಾದರೆಂತ, ಕೆಳಗಾದರೆಂತ? ಹೆಣ ಎದ್ದು ಬೈತದಾ?"

"ಅಲ್ಲಿ ಹೆಣ ಇಲ್ಲ ಮಾಯ್, ಸರಿ ಸ್ವರದಲ್ಲಿ ನುಡಿಸುವ ಹನ್ನೆರಡು ಜನ ವಾದ್ಯದವರಿದ್ದಾರೆ."

ತಿರುಪು ಬಿಗಿಸಿ, ಎಪ್ಪತ್ತೆಂಟಕ್ಕೆ ತಂದು ಮುಳ್ಳು ಇಟ್ಟಳು. ಇಷ್ಟು ದಿನ ಕೇಳಿದ್ದು ಇದೇ ಹಾಡೇ? ಟ್ರಂಪೆಟ್ ಮೋಡ ಸೀಳಿದ ಬಿಸಿಲಿನಂತೆ ಹೊರಬಿತ್ತು. ಸಮುದ್ರದಾಚೆ ಯಾರೋ ಒಬ್ಬ, ತಪ್ಪಿದರೆ ತಿದ್ದಲಾಗದ ಮೂರೇ ನಿಮಿಷದೊಳಗೆ, ಹೆದರದೆ ಅಷ್ಟೆತ್ತರಕ್ಕೆ ಏರಿ ನಿಂತಿದ್ದ. ರೊಸಾಲಿನ್ ಕೂಡ ಬಂದು ಬಾಗಿಲಿಗೊರಗಿ ಕೇಳಿದಳು.

ಹೇಳಿದರೆ ರಾಫೆಲ್ ಕಂಗಾಲಾದರೆ? ಹೇಳದೆ ಇದ್ದರೆ, ಎಲ್ಲರೆದುರು ಒಂಟಿಯಾಗಿ ಅಪಸ್ವರ ಊದಿ ನಿಂತರೆ?

ಮಗುವನ್ನು ಅತ್ತೆಯ ಕೈಗಿತ್ತು ಫೋನಿದ್ದ ಪೌಲ್ ಡಾಕ್ಟರರ ಮನೆಗೆ ಓಡಿದಳು. ಟ್ರಂಕ್ ಕಾಲ್ ಸಿಗುವಾಗ ನಾಲ್ಕು ಗಂಟೆ. ಹೋಟೆಲಿನವರು ರಾಫೆಲನನ್ನು ಫೋನಿನ ಬಳಿಗೆ ಕರೆತಂದರು.

"ಮಗುವಿಗೆಂತಾಯ್ತು?" ಅವನು ಕೇಳಿದ.

"ಮಗು ಚೆನ್ನಾಗುಂಟು. ನೀವು ಹೆದರಬೇಡಿ, ನಾನು ಹೇಳುವುದನ್ನು ಕೇಳಿ," ಎಂದಳು ಡುಲ್ಸಿನ್. "ಈಗಲೇ ಟ್ರಂಪೆಟ್ ತೆಗೆದುಕೊಳ್ಳಿ. ನಮ್ಮ ಪೆಟ್ಟಿಗೆ ನಿಧಾನ ಓಡ್ತಿತ್ತು. ಎಲ್ಲವನ್ನೂ ಅರ್ಧ ಸ್ವರ ಮೇಲಕ್ಕೆ ಊದಿ."