ಗ್ರೈಂಡರ್ ಮುಂದಿನ ಮಣೆ

ಹೋದ ತಿಂಗಳವರೆಗೆ ನಮ್ಮ ಮನೆಯಲ್ಲಿ ದೋಸೆ ಹಿಟ್ಟು ರುಬ್ಬಲು ಬೇಕಾಗುತ್ತಿದ್ದ ಸಾಮಾನು: ಅಕ್ಕಿ, ಉದ್ದಿನಬೇಳೆ, ಚಿಟಿಕೆ ಮೆಂತ್ಯ, ಒಂದು ಮಣೆ.

ಮೊದಲ ಮೂರು ನೆನೆಸುವುದಕ್ಕೆ. ಮಣೆ ನಿಲ್ಲುವುದಕ್ಕೆ.

ನಗಬೇಡಿ. ನಮ್ಮ ಗ್ರೈಂಡರ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಕಾಲಿಗೆ ರಬ್ಬರ್ ಚಪ್ಪಲಿ ಇದ್ದರೆ ಅನ್ನುತ್ತಿರಲಿಲ್ಲ. ಆದರೆ ದೇವರ ಗೂಡು ಇರುವುದೇ ಅಡುಗೆಮನೆಯಲ್ಲಿ. ಅಲ್ಲಿ ಚಪ್ಪಲಿ ಮೆಟ್ಟಿಕೊಂಡು ಹಿಟ್ಟು ರುಬ್ಬುವುದುಂಟೇ? ನಮ್ಮತ್ತೆ ಇರುವ ತನಕ ಇಲ್ಲ. (ಅವರು ನೂರ್ಕಾಲ ಇರಲಿ.) ಅದಕ್ಕೇ ಅತ್ತೆ ತಾವೇ ಒಂದು ಉಪಾಯ ಹುಡುಕಿದರು. ಊಟಕ್ಕೆ ಕೂರುವ ಹಲಸಿನ ಮಣೆಯನ್ನು ತಂದು ಗ್ರೈಂಡರ್ ಮುಂದೆ ಹಾಕಿದರು. ಅದರ ಮೇಲೆ ನಿಂತರೆ ಜುಮ್ಮೂ ಇಲ್ಲ, ಮೈಲಿಗೆಯೂ ಇಲ್ಲ.

"ವಸಿ ಜುಮ್ಮಂತದೆ ಕಣವ್ವ, ಅಷ್ಟೇಯ. ಮಣೆ ಮ್ಯಾಲೆ ನಿಂತ್ಕೊ, ಏನೂ ಆಗಕಿಲ್ಲ" ಎಂದರು. ಅತ್ತೆ ಮೂಗೂರಿನವರು. ಅವರು ಏನೂ ಆಗಕಿಲ್ಲ ಅಂದಮೇಲೆ ಮುಗಿಯಿತು.

ಈ "ಜುಮ್" ಎಂಬ ಪದವನ್ನೇ ನೋಡಿ. ಕಪಿಲಾ ಹೊಳೆಯಲ್ಲಿ ಬೆಳಿಗ್ಗೆ ಮುಳುಗೆದ್ದರೆ ಮೈ ಜುಮ್ಮೆನ್ನುತ್ತದೆ. ಒಳ್ಳೆಯ ಹಾಡು ಕೇಳಿದರೆ ಜುಮ್ಮೆನ್ನುತ್ತದೆ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜುಮ್ಮೆನ್ನುತ್ತದೆ. ಇದೇ ಸಾಲಿಗೆ ಕರೆಂಟನ್ನೂ ತಂದು ಕೂರಿಸಿಬಿಟ್ಟಿದ್ದೇವೆ! "ಶಾಕ್ ಹೊಡೀತು" ಅಂದರೆ ಮನೆಮಂದಿಯೆಲ್ಲ ಎದ್ದುಬಿದ್ದು ಓಡಿ ಬರುತ್ತಾರೆ. "ಜುಮ್ಮಂತು" ಅಂದರೆ ಕೂತಲ್ಲಿಂದಲೇ "ಕೈ ಒದ್ದೆಯಿರಬೇಕು, ಒರೆಸ್ಕೋ" ಅನ್ನುತ್ತಾರೆ. ಕರೆಂಟು ಒಂದೇ, ನಾವು ಇಟ್ಟ ಹೆಸರು ಎರಡು. (ಮಕ್ಕಳಿಗೆ ಕನ್ನಡ ಪಾಠ ಹೇಳುವವಳು ನಾನು. ಪದದ ಬೆನ್ನು ಹತ್ತುವುದು ಕಸುಬಿನ ರೋಗ.)

ಮನೆಯಲ್ಲಿ ರಿಪೇರಿ ಬಲ್ಲವರು ಇರಲಿಲ್ಲವೇ? ಇದ್ದರು. ನಮ್ಮ ಯಜಮಾನರು ವಾರವೆಲ್ಲ ಬ್ಯಾಂಕಿನ ಗುಮಾಸ್ತರು, ಭಾನುವಾರ ಎಲೆಕ್ಟ್ರಿಷಿಯನ್. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಸದಾ ಒಂದು ಟೆಸ್ಟರ್. ಪ್ಲಗ್ ಒಡೆದುಹೋದರೆ ವೈರಿನ ತುದಿಗಳನ್ನೇ ಸಾಕೆಟ್ಟಿಗೆ ತುರುಕಿ, ಅಲ್ಲಾಡದಂತೆ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಪದೇ ಪದೇ ಫ್ಯೂಸ್ ಹೋಗುತ್ತದೆ ಎಂದು ಒಮ್ಮೆ ನಾನು ಗೊಣಗಿದಾಗ, "ದಪ್ಪ ತಂತಿ ಹಾಕಿದೀನಿ. ಇನ್ನು ಈ ಜನ್ಮದಲ್ಲಿ ಹೋಗಲ್ಲ" ಎಂದು ಕೈ ಝಾಡಿಸಿಕೊಂಡರು. ಹಾಗೇ ಆಯಿತು, ಹೋಗಲಿಲ್ಲ. ಗ್ರೈಂಡರ್ ವಿಷಯಕ್ಕೂ ಅವರದೊಂದು ವಿವರಣೆ ಇತ್ತು. "ವೋಲ್ಟೇಜ್ ಚೆನ್ನಾಗಿ ಬರ್ತಿದೆ ಅಂತ. ಸಂತೋಷಪಡು!"

ನಾವು ಸಂತೋಷವಾಗಿಯೇ ಇದ್ದೆವು, ಸುಮಿತ್ರ ಬರುವ ತನಕ.

ಸುಮಿತ್ರ ನನ್ನ ನಾದಿನಿ. ಸೋಸಲೆಗೆ ಮದುವೆಯಾಗಿ ಹೋದವಳು. ಏಳು ತಿಂಗಳು ತುಂಬಿತು ಎಂದು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಬಂದ ಮಾರನೆಯ ಬೆಳಿಗ್ಗೆ ಅತ್ತೆ ಮಗಳಿಗೆ ದೋಸೆ ಮಾಡಬೇಕೆಂದು ಮಣೆ ಹತ್ತಿ ಹಿಟ್ಟು ರುಬ್ಬುತ್ತಿದ್ದರು. ಸುಮಿತ್ರ ಬಚ್ಚಲಲ್ಲಿ ಕಾಲು ತೊಳೆದುಕೊಂಡು ಒದ್ದೆ ಕಾಲಲ್ಲೇ ಫ್ರಿಜ್ ಹತ್ತಿರ ಹೋದಳು. ನಮ್ಮ ಫ್ರಿಜ್ ಇರುವುದು ನಡುಮನೆಯಲ್ಲಿ. (ಮತ್ತೆ? ಬಂದವರು ನೋಡುವುದು ಬೇಡವೇ?) ಎಡಗೈಯನ್ನು ಫ್ರಿಜ್ಜಿನ ಪಕ್ಕಕ್ಕೆ ಊರಿ, ಬಲಗೈಯಿಂದ ಬಾಗಿಲೆಳೆಯಲು ಹೋದಳು.

"ಅಮ್ಮಾ!"

ನಾನು ಓಡಿ ಬರುವಷ್ಟರಲ್ಲಿ ಅವಳು ನೆಲದ ಮೇಲೆ ಕೂತಿದ್ದಳು. ಮುಖ ಬಿಳಚಿಕೊಂಡಿತ್ತು. ಎರಡೂ ಕೈ ಹೊಟ್ಟೆಯ ಮೇಲೆ.

"ಏನಿಲ್ಲ ಅತ್ತಿಗೆ, ಜುಮ್ಮಂತು ಅಷ್ಟೇ" ಅಂದಳು.

ಅದೇ ಪದ. ಆದರೆ ಈ ಸಲ ಯಾರೂ "ಕೈ ಒರೆಸ್ಕೋ" ಅನ್ನಲಿಲ್ಲ. ಅತ್ತೆ ಹಿಟ್ಟಿನ ಕೈಯಲ್ಲೇ ಮಗಳ ಪಕ್ಕ ಕುಸಿದು ಕೂತು, "ಮಗ ಅಲ್ಲಾಡ್ತಾ ಐತಾ ಸುಮೀ? ಅಲ್ಲಾಡ್ತಾ ಐತಾ?" ಎಂದು ಕೇಳಿದ್ದೇ ಕೇಳಿದ್ದು. ಸುಮಿತ್ರಳಿಗೆ ಗೊತ್ತಾಗುತ್ತಿರಲಿಲ್ಲ.

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಲೇಡಿ ಡಾಕ್ಟರು ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳುತ್ತಿದ್ದರೆ ನಾವು ಅವರ ಮುಖವನ್ನೇ ನೋಡುತ್ತಿದ್ದೆವು. ಕೊನೆಗೆ ಅವರು "ಎದೆಬಡಿತ ಚೆನ್ನಾಗಿದೆ. ಆದರೂ ಸಂಜೆವರೆಗೆ ಇಲ್ಲೇ ಇರಲಿ, ನೋಡೋಣ" ಎಂದರು. ಆಮೇಲೆ ಕನ್ನಡಕ ತೆಗೆದು, "ಯಾವುದರಿಂದ ಹೊಡೀತು? ಸರಿ ಮಾಡಿಸಿದ್ರಾ?" ಎಂದು ಕೇಳಿದರು. "ಫ್ರಿಜ್ಜಿನಿಂದ. ಇನ್ನೂ ಇಲ್ಲ" ಎಂದೆ.

ಸಂಜೆಯ ಹೊತ್ತಿಗೆ ಮಗು ಒದೆಯಿತು. ಅತ್ತೆ ಅಲ್ಲಿ ಕೈಯಿಟ್ಟು ನೋಡಿ ಅತ್ತುಬಿಟ್ಟರು.

ಮನೆಗೆ ಬಂದಮೇಲೆ ನನಗೆ ಒಂದೇ ಯೋಚನೆ. ಜುಮ್ಮೆನ್ನುತ್ತಿದ್ದುದು ಗ್ರೈಂಡರ್. ಸುಮಿತ್ರ ಮುಟ್ಟಿದ್ದು ಫ್ರಿಜ್. ಫ್ರಿಜ್ಜು ಇದುವರೆಗೆ ಯಾರಿಗೂ ಏನೂ ಮಾಡಿದ್ದಿಲ್ಲ. ಯಜಮಾನರು ಟೆಸ್ಟರ್ ಇಟ್ಟು ನೋಡಿದರು, ದೀಪ ಹತ್ತಲಿಲ್ಲ. "ನೋಡು, ಏನೂ ಇಲ್ಲ. ಸುಮಿ ಹೆದರಿಕೊಂಡಿದ್ದಾಳೆ" ಎಂದರು. ಅವಳ ಎಡ ಅಂಗೈ ಇನ್ನೂ ಮರಗಟ್ಟಿಯೇ ಇತ್ತು. ಬರಿಯ ಹೆದರಿಕೆಗೆ ಹಾಗಾಗುತ್ತದೆಯೇ? ಅವಳು ಫ್ರಿಜ್ ಮುಟ್ಟಿದಾಗ ಮನೆಯಲ್ಲಿ ಇನ್ನೇನು ನಡೆಯುತ್ತಿತ್ತು ಎಂದು ನೆನಪು ಮಾಡಿಕೊಂಡೆ.

"ಗ್ರೈಂಡರ್ ಹಾಕಿ ನೋಡೋಣ" ಅಂದೆ.

ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗಿತು. ನಡುಮನೆಯಲ್ಲಿ, ಫ್ರಿಜ್ಜಿನ ಪಕ್ಕಕ್ಕಿಟ್ಟ ಟೆಸ್ಟರಿನಲ್ಲಿ ದೀಪ ಕೆಂಪಗೆ ಹತ್ತಿತು. ಗ್ರೈಂಡರ್ ಪ್ಲಗ್ ಕಿತ್ತರೆ ದೀಪ ಆರಿತು. ಮತ್ತೆ ಹಾಕಿದರೆ ಮತ್ತೆ ಹತ್ತಿತು. ನಡುವೆ ಅಷ್ಟು ದಪ್ಪ ಗೋಡೆ! ಕರೆಂಟೇನು ಗೋಡೆ ಹಾರಿ ಬಂತೇ?

ಯಜಮಾನರು ಎರಡೂ ಪ್ಲಗ್ ಕಿತ್ತಿಟ್ಟರು. ಟೆಸ್ಟರನ್ನು ಜೇಬಿಗಲ್ಲ, ಮೇಜಿನ ಖಾನೆಗೆ ಹಾಕಿದರು. "ಸಿದ್ದರಾಜುನ ಕರೆಸೋಣ" ಎಂದರು. ನಮ್ಮ ಮದುವೆಯಾದ ಮೇಲೆ ಅವರ ಬಾಯಲ್ಲಿ ಈ ಮಾತು ಬಂದದ್ದು ಇದೇ ಮೊದಲು.

ಸಿದ್ದರಾಜು ಹದಿನಾರು ಎಂಬ ಊರಿನ ವೈರ್‌ಮನ್. ಬಸ್ ಸ್ಟ್ಯಾಂಡ್ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೇಳಿಟ್ಟರೆ ಮೊಪೆಡ್‌ನಲ್ಲಿ ಬರುತ್ತಾನೆ. ಮಾತು ಜಾಸ್ತಿ. "ನಂಜನಗೂಡಲ್ಲಿ ನಾನ್ ಕೈಯಿಕ್ಕದೆ ಇರೋ ಮೀಟರ್ ಬೋರ್ಡೇ ಇಲ್ಲ ಸಾ" ಎನ್ನುತ್ತಲೇ ಒಳಗೆ ಬಂದ. ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿ ತೀರ್ಪು ಕೊಟ್ಟೇಬಿಟ್ಟ. "ಕಂಪ್ರೆಸರ್ ಕೆಟ್ಟೋಗದೆ. ಪೂರ್ತಿ ಬಿಚ್ಬೇಕು."

"ಕಂಪ್ರೆಸರ್ ಕೆಟ್ಟರೆ ಗ್ರೈಂಡರ್ ಹಾಕಿದಾಗ ಮಾತ್ರ ಯಾಕಪ್ಪ ಕರೆಂಟ್ ಬರುತ್ತೆ?" ಎಂದೆ.

ಅವನ ಮಾತು ನಿಂತಿತು. ತಲೆ ಕೆರೆದುಕೊಂಡು ಗ್ರೈಂಡರ್ ಮಗುಚಿ ನೋಡಿದ. ಸಾಕೆಟ್ ಬಿಚ್ಚಿದ. ಮೀಟರ್ ಬೋರ್ಡ್ ಬಿಚ್ಚಿದ. ಆಮೇಲೆ ಬಂದು, "ಟೀಚರಮ್ಮ, ನಿಮ್ ಮನೇಲಿ ಅರ್ತೇ ಇಲ್ಲ" ಎಂದ.

ಅರ್ಥವೇ ಇಲ್ಲವೇ? ಕನ್ನಡ ಟೀಚರ ಮನೆಗೆ ಬಂದು ಆಡುವ ಮಾತೇ ಇದು? "ಯಾವುದಕ್ಕೆ ಅರ್ಥ ಇಲ್ಲ?" ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

"ಯಾವುದ್ಕೂ ಇಲ್ಲ. ಗ್ರೈಂಡರ್‌ಗೂ ಇಲ್ಲ, ಫ್ರಿಜ್ಜಿಗೂ ಇಲ್ಲ. ಅರ್ತು, ಅರ್ತು! ಪ್ಲಗ್ಗಲ್ಲಿ ಮೇಲ್ಗಡೆ ದಪ್ಪ ಪಿನ್ನು ಇರ್ತದಲ್ಲ, ಅದು."

ಅರ್ತಿಂಗ್! ಆಗ ಅರ್ಥವಾಯಿತು. ಗ್ರೈಂಡರ್ ಮೋಟರಿನ ವೈರು ಹಿಟ್ಟಿನ ನೀರಲ್ಲಿ ನೆಂದು ನೆಂದು ಸಿಪ್ಪೆ ಎದ್ದಿತ್ತು. ಕರೆಂಟು ಅದರ ಮೈಗೆ ಸೋರುತ್ತಿತ್ತು. ಹಾಗೆ ಸೋರಿದ್ದನ್ನು ಭೂಮಿಗೆ ಸಾಗಹಾಕಲು ಅರ್ತ್ ವೈರ್ ಇರುತ್ತದೆ. ನಮ್ಮಲ್ಲೂ ಇತ್ತು, ಗ್ರೈಂಡರಿನಿಂದ ಫ್ರಿಜ್ಜಿಗೆ, ಅಲ್ಲಿಂದ ಬೋರ್ಡಿಗೆ, ಮನೆಯೆಲ್ಲ ಸುತ್ತಿತ್ತು. "ಭೂಮಿಗೆ ಮಾತ್ರ ಓಗಿಲ್ಲ" ಎಂದ ಸಿದ್ದರಾಜು. "ಅದಕ್ಕೇ ಅಲ್ಲಿ ಸೋರಿದ್ದು ಇಲ್ಲಿಗ್ ಬಂದದೆ. ಮೊದ್ಲು ವಸಿ ಸೋರ್ತಿತ್ತು, ಈಗ ಜಾಸ್ತಿ ಆಗದೆ."

ಅಂದರೆ ಗೋಡೆ ಹಾರಿದ್ದಲ್ಲ. ಕಾಪಾಡಬೇಕಾದ ತಂತಿಯಲ್ಲೇ ನಡೆದು ಬಂದದ್ದು. ನಾವು ಒಂದು ಕಡೆ ಮಣೆ ಹಾಕಿಕೊಂಡು ನಿಂತಿದ್ದೆವು, ಅದು ಇನ್ನೊಂದು ಕಡೆ ಹೋಗಿ ಕಾಯುತ್ತಿತ್ತು.

ಸಿದ್ದರಾಜುಗೆ ಈಗ ಮಾತು ಮರಳಿತು. "ಅಲ್ಲಾ ಸಾ, ಬಲ್ಬ್ ಸುಟ್ರೆ ಊರೋರೆಲ್ಲ ಅಂಗಡಿಗಂಟ ಓಡ್ಬತ್ತಾರೆ ನನ್ನ ಕರ್ಯಕೆ. ಟ್ಯೂಬ್‌ಲೈಟ್ ಮಿಣಕ್ ಮಿಣಕ್ ಅಂದ್ರೆ ಬತ್ತಾರೆ. ಸ್ಟಾರ್ಟರ್ ತಿರುಗ್ಸಿದ್ರೆ ಆಯ್ತದೆ ಅದು! ಜುಮ್ ಅಂದ್ರೆ ಮಾತ್ರ ಮಣೆ ಆಕ್ಕತೀರಲ್ಲ!" ಎಂದ. ಫ್ಯೂಸ್ ಕಿತ್ತು ನೋಡಿ, "ಇದು ಫ್ಯೂಸಲ್ಲ ಸಾ, ಬೇಲಿ ತಂತಿ" ಎಂದು ಯಜಮಾನರ ಕೈಗೇ ಕೊಟ್ಟ. ಅವರು ಅದನ್ನು ಟೆಸ್ಟರ್ ಇದ್ದ ಮೇಜಿನ ಖಾನೆಗೇ ಹಾಕಿದರು.

ಆದರೆ ಭೂಮಿಗೆ ಹೋಗಬೇಕಾದ ತಂತಿ ಹೋದದ್ದೆಲ್ಲಿ? ಸಿದ್ದರಾಜು ಗೋಡೆ ಹಿಡಿದು ಹಿತ್ತಲಿಗೆ ಹೊರಟ. ನಾವೆಲ್ಲ ಅವನ ಹಿಂದೆ. ತಂತಿ ಗೋಡೆಯಿಂದ ಇಳಿದು, ನೆಲಕ್ಕೆ ಇನ್ನೊಂದು ಗೇಣು ಇರುವಾಗ ತುಂಡಾಗಿ ನಿಂತಿತ್ತು. ತಾನಾಗಿ ತುಂಡಾದದ್ದಲ್ಲ, ಕತ್ತರಿಸಿದ್ದು. ಅದರ ಕೆಳಗೇ ತುಳಸಿಕಟ್ಟೆ.

"ಯಾರ್ ಕಟ್ ಮಾಡ್ಸಿದ್ದು ಇದ್ನ?" ಎಂದ.

"ನಾನೇಯ" ಎಂದರು ಅತ್ತೆ.

ಹೋದ ವರ್ಷ ಕಟ್ಟೆಯನ್ನು ಹೊಸದಾಗಿ ಕಟ್ಟಿಸುವಾಗ, ಕರೆಂಟಿನ ತಂತಿಯೊಂದು ತುಳಸಿಯ ಬೇರಿನ ಹತ್ತಿರ ಮಣ್ಣಿಗೆ ಇಳಿದಿರುವುದು ಅವರ ಕಣ್ಣಿಗೆ ಬಿತ್ತು. ದಿನಾ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಸುತ್ತು ಬರುವ ಜಾಗ. ಗಾರೆಯವನಿಗೆ ಹೇಳಿ ಕತ್ತರಿಸಿ ಹಾಕಿಸಿದರು. ಜುಮ್ ಶುರುವಾದದ್ದು ಆಮೇಲೆಯೇ. ಎರಡನ್ನೂ ಕೂಡಿಸಿ ನೋಡಲು ಯಾರಿಗೂ ಹೊಳೆಯಲಿಲ್ಲ, ಟೆಸ್ಟರ್ ಇದ್ದವರಿಗೂ, ಪದಗಳ ಬೆನ್ನು ಹತ್ತುವವರಿಗೂ.

ಅತ್ತೆ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು.

"ತುಳಸಮ್ಮಂಗೆ ಒಡೀಬಾರ್ದು ಅಂತ ಕಟ್ ಮಾಡುಸ್ದೆ ಕಣಪ್ಪ. ನನ್ ಮಗೀಗೇ ಒಡೀತಲ್ಲ."

ಅವರದು ತಪ್ಪು ಅನ್ನಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಬರುವುದಿಲ್ಲ. ಆ ತಂತಿ ಏನು ಮಾಡುತ್ತದೆ ಎಂದು ಅವರಿಗೆ ಹೇಳಿದವರಾದರೂ ಯಾರು? ಸಿದ್ದರಾಜು ದನಿ ತಗ್ಗಿಸಿ, "ಓಗ್ಲಿ ಬುಡವ್ವ. ತುಳಸಮ್ಮನಿಂದ ದೂರ, ಆ ಮೂಲೇಲಿ ಒಸ ಗುಂಡಿ ತೋಡ್ತೀನಿ" ಎಂದ. ಹೇಳಿದಂತೆಯೇ ಇದ್ದಿಲು, ಉಪ್ಪು ತುಂಬಿ ಪೈಪ್ ಇಳಿಸಿದ. ಗ್ರೈಂಡರಿಗೆ ಹೊಸ ವೈರು, ಫ್ಯೂಸಿಗೆ ಸಣ್ಣ ತಂತಿ ಬಂತು. ಬೇಸಿಗೆಯಲ್ಲಿ ಗುಂಡಿ ಒಣಗದಂತೆ ನೀರು ಹಾಕಬೇಕೆಂದು ಹೇಳಿಹೋದ. ಅತ್ತೆ ಬೇಸಿಗೆಗೆ ಕಾಯುತ್ತಿಲ್ಲ. ಬೆಳಿಗ್ಗೆ ತುಳಸಿಗೊಂದು ಚೊಂಬು, ಅರ್ತಿನ ಗುಂಡಿಗೊಂದು ಚೊಂಬು. (ಪೈಪಿಗೆ ಅರಿಶಿನ ಕುಂಕುಮ ಇಟ್ಟಿಲ್ಲ, ಇನ್ನೂ.)

ನನಗೂ ಈಗ ಒಂದು ಅಂದಾಜು ಸಿಕ್ಕಿದೆ. ಬಲ್ಬು ಬದಲಿಸುವುದು, ಸ್ಟಾರ್ಟರ್ ತಿರುಗಿಸುವುದು ನಾವೇ ಮಾಡಿಕೊಳ್ಳೋಣ. ಸ್ವಿಚ್ಚು ಬಿಸಿಯಾಯಿತೇ, ಪ್ಲಗ್ ಕಪ್ಪಾಯಿತೇ, ಸುಟ್ಟ ವಾಸನೆ ಬಂತೇ, ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಯೇ? ಮೆಯಿನ್ ಆರಿಸಿ, ಬಲ್ಲವರನ್ನು ಕರೆಸಿ. ಜುಮ್ಮೆಂದರಂತೂ ಅವತ್ತೇ.

ಮೊನ್ನೆ ಶುಕ್ರವಾರ ಸುಮಿತ್ರಳಿಗೆ ಹಸಿರು ಬಳೆ ತೊಡಿಸಿದೆವು. ಕೂರಿಸಲು ಮಣೆ ಬೇಕಾಯಿತು. ಅತ್ತೆ ಅಡುಗೆಮನೆಗೆ ಹೋಗಿ, ಗ್ರೈಂಡರ್ ಮುಂದಿದ್ದ ಮಣೆಯನ್ನು ತಾವೇ ಎತ್ತಿಕೊಂಡು ಬಂದರು. ಹಿಟ್ಟಿನ ಕಲೆ ಹೋಗುವ ತನಕ ಉಜ್ಜಿ ತೊಳೆದು, ರಂಗೋಲಿ ಎಳೆದು, ಮಗಳನ್ನು ಅದರ ಮೇಲೆ ಕೂರಿಸಿದರು. ಗ್ರೈಂಡರ್ ಮುಂದೆ ಈಗ ಬರಿಯ ನೆಲ.

ನಿಮ್ಮ ಮನೆಯಲ್ಲಿ ಮಣೆ ಎಲ್ಲಿದೆ?